ನಿಜಾಮರ ಕಾಲದ ಫೋಟೊ, ಗಾಜಿನ ನೆಗೆಟಿವ್: ಇಸವಿ ಗುರುತಿಸುವುದು, ಸ್ಕ್ಯಾನ್ ಮಾಡುವುದು ಹೇಗೆ?

ದಫ್ತರ_ಕಲಬುರಗಿ:
ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಎರಡು ಟ್ರಂಕು ಹಳೇ ಫೋಟೊ ಬಂದಿವೆ. ಸುಮಾರು 300 ಪ್ರಿಂಟು, 40 ಗಾಜಿನ ನೆಗೆಟಿವ್. ಕೋಟೆಯ ಜಾಮಿ ಮಸೀದಿ, ಶರಣಬಸವೇಶ್ವರರ ತೇರು, ಬೀದರಿನ ಮಹಮೂದ್ ಗವಾನ್ ಮದರಸಾ ಗುರುತು ಸಿಕ್ಕಿವೆ. ಹಿಂದೆ ಉರ್ದು ಬರಹ. ಒಂದರ ಮೇಲೆ 1347 ಅಂತಿದೆ. ಹಿಜರಿ ಲೆಕ್ಕಕ್ಕೆ 1928 ಬರುತ್ತದೆ, ಆದರೆ ಚಿತ್ರದಲ್ಲಿರುವ ಕಾರು ಅದಕ್ಕಿಂತ ಈಚಿನದು. ಕೆಲವು ಗಾಜು ಒಂದಕ್ಕೊಂದು ಅಂಟಿವೆ. ಎಲ್ಲಿಂದ ಶುರು ಮಾಡಬೇಕು? ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಇಡಬೇಕು?

ಶಹಾಬಾದಿ_ಫರ್ಸಿ:
ಅದು ಹಿಜರಿ ಅಲ್ರಿ, ಫಸಲಿ, ಅಂದ್ರ ಬೆಳೆ-ಕಂದಾಯದ ಲೆಕ್ಕದ ವರ್ಷ ಇರಬೇಕು. ನಿಜಾಮ್ ಸರಕಾರದ ಕಚೇರಿ ಕಾಗದ ಫಸಲಿ ಮ್ಯಾಲೇ ನಡೀತಿದ್ವು. ಆಗಿನ ಹೈದರಾಬಾದ್ ಫಸಲಿ ವರ್ಷ ಅಕ್ಟೋಬರ್ 6ಕ್ಕ, ಆಜರ್ ತಿಂಗಳಿಂದ ಶುರು. ಫಸಲಿಗೆ 590 ಕೂಡಿಸಿದ್ರ ಅದು ಶುರುವಾದ ಇಸವಿ ಸಿಗ್ತದ. 1347 ಫಸಲಿ ಅಂದ್ರ 1937ರ ಅಕ್ಟೋಬರಿಂದ 1938ರ ಅಕ್ಟೋಬರ್ ತನಕ. ಒಂಬತ್ತು ವರ್ಷದ ಫರಕು, ನಿಮ್ಮ ಕಾರಿಗೂ ಕೂಡಿ ಬರ್ತದ.

ಅಂಕಿ ಪಕ್ಕದ ಅಕ್ಷರ ನೋಡ್ರಿ. ‘ಫೆ’ ಇದ್ರ ಫಸಲಿ, ‘ಹೆ’ ಇದ್ರ ಹಿಜರಿ. ಅಕ್ಷರ ಅಳಿಸಿದ್ರ ತಿಂಗಳ ಹೆಸರು ಹುಡುಕ್ರಿ: ಆಜರ್, ದೈ, ಬಹಮನ್, ಆಬಾನ್ ಫಸಲಿ ತಿಂಗಳು, ಮೊಹರಂ, ರಜಬ್, ಶಾಬಾನ್ ಹಿಜರಿ. ಕೈಬರಹದಾಗ ಉರ್ದು 2 ಮತ್ತ 3 ಭಾಳ ಮೋಸ ಮಾಡ್ತಾವ, ಭೂತಗನ್ನಡಿ ಹಿಡಿದು ತಲಿ ಮ್ಯಾಲಿನ ತಗ್ಗು ಎಣಿಸ್ರಿ. 2ಕ್ಕ ಒಂದು ತಗ್ಗು, 3ಕ್ಕ ಎರಡು. ಫಸಲಿನೋ ಹಿಜರಿನೋ ಅನ್ನೋದು ಸಣ್ಣ ಮಾತಲ್ಲ: ಫಸಲಿ 1357ರ ಆಬಾನ್ ಅಂದ್ರ 1948ರ ಸೆಪ್ಟೆಂಬರ್, ಹೈದರಾಬಾದ್ ಭಾರತಕ್ಕ ಸೇರಿದ ಪೊಲೀಸ್ ಆ್ಯಕ್ಷನ್ ಹೊತ್ತು. ಅದನ್ನ ಹಿಜರಿ ಅಂತ ಓದಿದ್ರ 1938ಕ್ಕ ಹೋಗಿ ಬೀಳ್ತದ.

ಮೂಲ ಬರಹ ಇದ್ದಂಗೇ ಒಂದು ಕಾಲಮಿನಾಗ, ನೀವು ತೆಗೆದ ಇಸವಿ ಇನ್ನೊಂದರಾಗ ಬರೀರಿ. ಊರ ಹೆಸರಿಗೆ ಗುಲಬರ್ಗಾ, ಕಲಬುರಗಿ ಎರಡೂ ಹಾಕ್ರಿ. ಹೆಸರು ಬದಲಾಗಿದ್ದು 2014ರಾಗ, ಹಳೇ ಹೆಸರಿಲೆ ಹುಡುಕೋರು ಇನ್ನೂ ಅದಾರ.

ಗಾಜುಪ್ಲೇಟ್:
ಅಂಟಿದ ಗಾಜಿಗೆ ಬ್ಲೇಡು, ನೀರು, ಹಬೆ ಯಾವುದೂ ಬೇಡ. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ತೇವ ತಾಗಿದರೆ ಅದು ಉಬ್ಬುತ್ತದೆ, ಎಳೆದರೆ ಗಾಜಿನಿಂದ ಸಿಪ್ಪೆಯಂತೆ ಎದ್ದು ಬರುತ್ತದೆ.

ಉಳಿದವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ: ಮಂಕಾಗಿ ಕಾಣುವುದು ಚಿತ್ರದ ಮೈ, ಹೊಳೆಯುವುದು ಬರೀ ಗಾಜು. ಚಿತ್ರದ ಮೈಗೆ ಗಾಳಿ ಊದುವ ರಬ್ಬರ್ ಬುರುಡೆ ಮಾತ್ರ. ಹತ್ತಿಯ ಕೈಗವಸಿನಲ್ಲಿ ಗಾಜು ಜಾರುತ್ತದೆ, ನೈಟ್ರೈಲ್ (ರಬ್ಬರಿನಂಥ) ಕೈಗವಸು ಹಾಕಿಕೊಳ್ಳಿ. ಬೆಳಕು ಮೇಲಿಂದ ಹಾಯುವ ಸ್ಕ್ಯಾನರೇ ಬೇಕು. ಹೊಳೆಯುವ ಮೈ ಕೆಳಗಿಟ್ಟರೆ ಗೀರು ಬೀಳದು, ಚಿತ್ರವೂ ಎಡಬಲ ಸರಿಯಾಗಿ ಬರುತ್ತದೆ. ತಿರುಗಿಸಿಟ್ಟರೆ ಕನ್ನಡಿಬಿಂಬ. ಮದರಸಾ ಚಿತ್ರದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ: ಮುಂಭಾಗದಲ್ಲಿ ಒಂದೇ ಮಿನಾರು ಉಳಿದಿದೆ, ಈಗಿನ ಫೋಟೊ ಪಕ್ಕದಲ್ಲಿಟ್ಟು ನೋಡಿ. ಇನ್ನೊಂದು ಮಿನಾರು 17ನೇ ಶತಮಾನದ ಕೊನೆಯ ಸ್ಫೋಟದಲ್ಲೇ ಹೋಗಿದ್ದರಿಂದ ಅದರ ಮೇಲೆ ಕಾಲ ಹೇಳಲಾಗದು.

ಪ್ರಿಂಟಿಗೆ 600 ಡಿಪಿಐ, ಹಾಫ್ ಪ್ಲೇಟ್ (ಸುಮಾರು 4¾×6½ ಇಂಚಿನ) ಗಾಜಿಗೆ 1200. ಪ್ರಿಂಟು ಕಪ್ಪುಬಿಳುಪಾದರೂ ಕಲರ್‌ನಲ್ಲೇ ಮಾಡಿ. ಕಂದು ಛಾಯೆ, ಶಾಯಿಯ ಬಣ್ಣ, ಮೊಹರು ಉಳಿಯುತ್ತವೆ. ಹಿಂಬದಿಯನ್ನೂ ಬಿಡಬೇಡಿ. 4×6 ಇಂಚಿನ ಪ್ರಿಂಟಿನ ಒಂದು ಮೈ 24 ಬಿಟ್ ಟಿಫ್‌ನಲ್ಲಿ (ಕುಗ್ಗಿಸದ ಮೂಲ ಕಡತದಲ್ಲಿ) ಸುಮಾರು 26 ಎಂಬಿ. ಜೆಪೆಗ್ ಅದರಿಂದ ಮಾಡಿದ ನಕಲು ಮಾತ್ರ ಆಗಿರಲಿ.

ಬೀದರ್_ಓದುಗ:
ಇಡುವುದರ ಬಗ್ಗೆ ಒಂದೆರಡು ಮಾತು. ಗಾಜನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಭಾರಕ್ಕೆ ಸೀಳುತ್ತದೆ. ಆಮ್ಲರಹಿತ ಕಾಗದದ ನಾಲ್ಕು ಮಡಿಕೆಯ ಲಕೋಟೆಯಲ್ಲಿ ಒಂದೊಂದನ್ನೇ ಹಾಕಿ, ಉದ್ದದ ಅಂಚಿನ ಮೇಲೆ ನಿಲ್ಲಿಸಿ. ನಮ್ಮ ಕಡೆ ಬೇಸಿಗೆಗಿಂತ ಮಳೆಗಾಲವೇ ಬೂಸ್ಟು ತರುವುದು. ಅಲಮಾರಿಯನ್ನು ಗೋಡೆಯಿಂದ ಅರ್ಧ ಅಡಿ ದೂರವಿಟ್ಟು, ಒಳಗೊಂದು ತೇವಮಾಪಕ ಇಡಿ. ತೇವಾಂಶ ಶೇ 50 ದಾಟಿದರೆ ತೇವ ಹೀರುವ ಸಿಲಿಕಾ ಜೆಲ್ ಬದಲಾಯಿಸಿ. ಪ್ರಿಂಟಿನ ಹಿಂದೆ ನಂಬರನ್ನು ಮೆತ್ತನೆ ಪೆನ್ಸಿಲ್‌ನಿಂದ ಅಂಚಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದಿನ ಮೈಯಲ್ಲಿ ಉಬ್ಬಾಗಿ ಮೂಡುತ್ತದೆ.

ದಫ್ತರ_ಕಲಬುರಗಿ:
ಅಂಕಿಯ ಪಕ್ಕ ‘ಫೆ’ ಇದೆ. ಹಾಗಾದರೆ 1937-38 ಅಂತ ಬರೆಯುತ್ತೇನೆ. ಅಂಟಿದ ಗಾಜು ಐದು ಜೊತೆ. ಅವನ್ನೂ ನಿಲ್ಲಿಸಿ ಇಡಬಹುದೇ?

ಗಾಜುಪ್ಲೇಟ್:
ಇಡಬಹುದು. ಒಂದೊಂದು ಜೊತೆಗೂ ಒಂದು ಅಗಲದ ಲಕೋಟೆ, ಎರಡೂ ಕಡೆ ರಟ್ಟಿನ ಆಸರೆ, ಡಬ್ಬಿಯ ಮೇಲೆ ‘ಬಿಡಿಸಬಾರದು’ ಎಂಬ ಚೀಟಿ. ಸಂರಕ್ಷಣಾ ತಜ್ಞರು ನೋಡುವವರೆಗೆ ಹಾಗೇ ಇರಲಿ.