ಪಾರ್ಕಿನ್ಸನ್‌ಗೆ ಸೂಜಿ ಚಿಕಿತ್ಸೆ ಮಾಡಿಸಿದರೆ ಮಾತ್ರೆ ಬಿಡಬಹುದಾ?

ಪ್ರಶ್ನೆ (ಬೇಲೂರು): ನಮಸ್ತೆ ಡಾಕ್ಟ್ರೇ. ಅಪ್ಪನಿಗೆ 68 ವರ್ಷ, ಪಾರ್ಕಿನ್ಸನ್ ಅಂತ ಗೊತ್ತಾಗಿ ಮೂರು ವರ್ಷ. ಬಲಗೈ ನಡುಕ, ಭುಜದ ನೋವು, ರಾತ್ರಿ ನಿದ್ದೆ ಇಲ್ಲ. ಲೆವೊಡೋಪಾ-ಕಾರ್ಬಿಡೋಪಾ ಮಾತ್ರೆ ದಿನಕ್ಕೆ ಮೂರು ಹೊತ್ತು. ಹಾಸನದಲ್ಲಿ ಅಕ್ಯುಪಂಕ್ಚರ್ (ಮೈಗೆ ತೆಳು ಸೂಜಿ ಚುಚ್ಚುವ ಚಿಕಿತ್ಸೆ) ಮಾಡಿಸಿದರೆ ಮಾತ್ರೆ ಬಿಡಬಹುದು ಅಂತ ನೆಂಟರು ಹೇಳ್ತಿದ್ದಾರೆ. ನಿಜವಾ?

ಉತ್ತರ (ನರರೋಗ ತಜ್ಞರು): ಮಾತ್ರೆ ಮಾತ್ರ ಬಿಡಿಸಬೇಡಿ. ಈ ಕಾಯಿಲೆಯಲ್ಲಿ ಮಿದುಳಿನ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಲೆವೊಡೋಪಾ ಮಿದುಳು ಸೇರಿ ಡೋಪಮೈನ್ ಆಗುತ್ತೆ, ಕಾರ್ಬಿಡೋಪಾ ಅದು ದಾರಿಯಲ್ಲೇ ಖರ್ಚಾಗದಂತೆ ಕಾಯುತ್ತೆ. ಸೂಜಿ ಆ ಕೆಲಸ ಮಾಡುತ್ತೆ, ಕಾಯಿಲೆಯ ವೇಗ ತಗ್ಗಿಸುತ್ತೆ ಅನ್ನೋದಕ್ಕೆ ರೋಗಿಗಳಲ್ಲಿ ಗಟ್ಟಿ ಪುರಾವೆ ಇಲ್ಲ. ಮಾತ್ರೆ ದಿಢೀರ್ ನಿಲ್ಲಿಸಿದರೆ ಮೈ ಕೊರಡಿನಂತೆ ಬಿಗಿದು, ಜೋರು ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು.

ನೋವು, ನಿದ್ದೆ, ಸುಸ್ತಿಗೆ ಮಾತ್ರೆಯ ಜೊತೆಗೆ ಮಾಡಿಸಿ ನೋಡಬಹುದು. ಅಲ್ಲೂ ಹೆಚ್ಚಿನ ಅಧ್ಯಯನಗಳು ಚಿಕ್ಕವು. 2016ರಲ್ಲಿ ಪ್ರಕಟವಾದ ಒಂದರಲ್ಲಿ 94 ರೋಗಿಗಳಿಗೆ ಆರು ವಾರ, ವಾರಕ್ಕೆರಡು ಸಲ ಚಿಕಿತ್ಸೆ ಕೊಟ್ಟರು. ಅರ್ಧದಷ್ಟು ಜನರಿಗೆ ನಿಜವಾದ ಸೂಜಿ, ಉಳಿದವರಿಗೆ ಸೂಜಿ ಚುಚ್ಚಿದಂತೆ ಮಾಡಿದ್ದಷ್ಟೇ. ಸುಸ್ತು ಎರಡೂ ಗುಂಪಿನವರಿಗೆ ಕಡಿಮೆಯಾಯ್ತು, ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಸಾಲ ಮಾಡಿ ಮಾಡಿಸುವಂಥದ್ದಲ್ಲ ಇದು.

ಮಾಡಿಸೋದಾದರೆ ಎರಡು ವಾರ ಮೊದಲೇ ಒಂದು ನೋಟ್‌ಬುಕ್‌ನಲ್ಲಿ ಮಾತ್ರೆ, ಊಟ, ನಿದ್ದೆಯ ಗಂಟೆ, ನೋವು ಹತ್ತರಲ್ಲಿ ಎಷ್ಟು ಅಂತ ಬರೆಯುತ್ತಾ ಬನ್ನಿ. ಆ ಅವಧಿಯಲ್ಲಿ ಮಾತ್ರೆ ಬದಲಾದರೆ ಯಾವುದರಿಂದ ಗುಣ ಸಿಕ್ಕಿತು ಅನ್ನೋದು ತಿಳಿಯಲ್ಲ. ಹುರುಳಿ ಸಾರು, ಮೊಟ್ಟೆ, ಮಾಂಸದ ಊಟದ ಜೊತೆಗೇ ಮಾತ್ರೆ ನುಂಗಿದರೆ ಪ್ರೋಟೀನ್ ಅಡ್ಡ ಬಂದು ಔಷಧಿ ಸರಿಯಾಗಿ ಹತ್ತೋದಿಲ್ಲ; ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಎಷ್ಟೋ ಮನೆಗಳಲ್ಲಿ ಇಷ್ಟು ಸರಿಮಾಡಿದರೇ ಮಧ್ಯಾಹ್ನದ ಬಿಗಿತ ಇಳಿಯುತ್ತೆ.

ಬೇಲೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಾಗ ಒಂದು ಹೊತ್ತಿನ ಮಾತ್ರೆ ತಪ್ಪಿಹೋಗೋದು ಸುಲಭ. ಜೇಬಿನಲ್ಲಿ ಇಟ್ಟಿರಿ. ಮಾತ್ರೆ ತೆಗೆದುಕೊಂಡು ಒಂದು ಗಂಟೆಯ ಆಸುಪಾಸಿಗೆ ಸರದಿ ಕೇಳಿ, ಆಗ ನಡುಕ ಕಡಿಮೆ ಇದ್ದು ಅಲುಗಾಡದೆ ಮಲಗುತ್ತಾರೆ.

ಅಕ್ಯುಪಂಕ್ಚರ್ ಚಿಕಿತ್ಸಕರು: ಡಾಕ್ಟರ್ ಹೇಳಿದ್ದು ಸರಿ. ಚಿಕಿತ್ಸೆ ಕೊಡುವವರೂ ನೋಡಿಕೊಳ್ಳಬೇಕಾದ್ದಿದೆ. ಪ್ಯಾಕೆಟ್ ಕಣ್ಣೆದುರೇ ಒಡೆದ, ಒಂದೇ ಸಲ ಬಳಸುವ ಸೂಜಿ ಇರಲಿ. ಭುಜದ ಮೇಲ್ಭಾಗ, ಎದೆ, ಬೆನ್ನಿಗೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಗಲಬಹುದು; ಆಮೇಲೆ ಉಸಿರು ಕಟ್ಟಿದರೆ, ಎದೆಯಲ್ಲಿ ಚುಚ್ಚಿದಂತೆ ನೋವಾದರೆ ನೇರ ಆಸ್ಪತ್ರೆಗೆ ಹೋಗಿ. ನಡುಗುವ ಕೈಯಲ್ಲಿ ಸೂಜಿ ಬಿಟ್ಟರೆ ಬಾಗುತ್ತೆ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಮಿದುಳಿಗೆ ತಂತಿ, ಎದೆಯಲ್ಲಿ ಬ್ಯಾಟರಿ ಇಡಿಸಿಕೊಂಡವರಿಗೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಕೂಡದು. ಮುಗಿದ ಮೇಲೆ ಅಪ್ಪನವರನ್ನು ಮಂಚದ ತುದಿಯಲ್ಲಿ ಎರಡು ಮೂರು ನಿಮಿಷ ಕೂರಿಸಿ. ಈ ಕಾಯಿಲೆಯಲ್ಲಿ ಎದ್ದ ತಕ್ಷಣ ಬಿಪಿ ಇಳಿದು ಬೀಳೋದು ಹೆಚ್ಚು.

ಪ್ರಶ್ನೆ (ಬೇಲೂರು): ತುಂಬಾ ಉಪಕಾರ ಸಾರ್. ತೋಟದ ಬೇಲಿಯಲ್ಲಿ ನಸುಗುನ್ನಿ ಇದೆ. ಬೀಜದ ಪುಡಿ ಹಾಲಲ್ಲಿ ಕೊಡಿ ಅಂತಲೂ ಹೇಳ್ತಾರೆ.

ಉತ್ತರ (ನರರೋಗ ತಜ್ಞರು): ಆ ಬೀಜದಲ್ಲಿ ಇರೋದೂ ಲೆವೊಡೋಪಾನೇ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ. ಮಾತ್ರೆಯ ಮೇಲೆ ಅದೂ ಸೇರಿದರೆ ವಾಂತಿ, ಬಿಪಿ ಇಳಿತ, ಕೈಕಾಲು ತಾನಾಗಿಯೇ ತಿರುಚೋದು ಶುರುವಾಗುತ್ತೆ. ಈಗಾಗಲೇ ಕೊಡುತ್ತಿದ್ದರೆ ಎಷ್ಟು ಚಮಚ, ಎಷ್ಟು ದಿನದಿಂದ ಅಂತ ನಿಮ್ಮ ಡಾಕ್ಟರಿಗೆ ಹೇಳಿ, ಅವರು ಒಟ್ಟು ಲೆಕ್ಕ ಹಾಕಿ ನಿಧಾನಕ್ಕೆ ಸರಿಮಾಡುತ್ತಾರೆ.