ರೋಮಿಯೋ–ಜೂಲಿಯೆಟ್: ದುಡುಕಿದ್ದು ಮಕ್ಕಳೋ, ಹಿರಿಯರೋ?

ಮಾಟುಂಗಾ ಓದುಗ: ನಮ್ಮ ಓದುಬಳಗದಲ್ಲಿ ಶೇಕ್ಸ್‌ಪಿಯರ್‌ನ ಈ ನಾಟಕ ಓದಿ ಮುಗಿಸಿದೆವು. ಮಾಟುಂಗಾ ಸ್ಟೇಷನ್ ತಲುಪಿದರೂ ವಾದ ಮುಗಿಯಲಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ನನ್ನ ಪ್ರಕಾರ ತಪ್ಪು ಹಗೆಯ ಎರಡು ಮನೆಗಳ ಆ ಹುಡುಗ ಹುಡುಗಿಯದೇ. ಭಾನುವಾರ ರಾತ್ರಿ ಭೇಟಿ, ಸೋಮವಾರ ಗುಟ್ಟಾಗಿ ಮದುವೆ, ಗುರುವಾರ ಬೆಳಗಾಗುವಷ್ಟರಲ್ಲಿ ಇಬ್ಬರೂ ಹೆಣ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಇದಕ್ಕೇ ಅಲ್ವಾ?

ಡೊಂಬಿವಲಿ ಅಕ್ಕ: ಅಣ್ಣಾ, ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ನನಗೆ ಸಿಟ್ಟು ಬರುವುದು ಅವಳ ಅಪ್ಪ ಕ್ಯಾಪ್ಯುಲೆಟ್ ಮೇಲೆ. ಹೆಣ್ಣು ಕೇಳಲು ಬಂದ ಪ್ಯಾರಿಸ್‌ಗೆ ಮೊದಲು ಏನು ಹೇಳುತ್ತಾನೆ? ಇನ್ನೆರಡು ಬೇಸಿಗೆ ಕಳೆಯಲಿ ಅಂತ. ಅಂಥವನು ಅವಳ ಸೋದರಸಂಬಂಧಿ ಟಿಬಾಲ್ಟ್ ಸತ್ತ ದಿನ ರಾತ್ರಿಯೇ, ಮಗಳನ್ನು ಒಂದು ಮಾತೂ ಕೇಳದೆ, ಗುರುವಾರಕ್ಕೆ ಪ್ಯಾರಿಸ್ ಜೊತೆ ಮದುವೆ ಗೊತ್ತು ಮಾಡುತ್ತಾನೆ. ಒಲ್ಲೆ ಅಂದವಳಿಗೆ ಬೀದಿಯಲ್ಲಿ ಬಿದ್ದು ಸಾಯಿ ಅನ್ನುತ್ತಾನೆ. ಮಂಗಳವಾರ ಅವಳು ಸುಳ್ಳುಸುಳ್ಳೇ ಒಪ್ಪಿಕೊಂಡಳು ನೋಡಿ, ಖುಷಿಯಲ್ಲಿ ಮದುವೆಯನ್ನು ಬುಧವಾರಕ್ಕೆ ಎಳೆದುಕೊಂಡ. ಈ ಮದುವೆ ತಪ್ಪಿಸಲು ಪಾದ್ರಿ ಲಾರೆನ್ಸ್ ಕೊಟ್ಟಿದ್ದ, ಬುಧವಾರ ರಾತ್ರಿ ಕುಡಿಯಬೇಕಿದ್ದ, ಸತ್ತಂತೆ ಮಲಗಿಸುವ ಔಷಧಿಯನ್ನು ಅವಳು ಮಂಗಳವಾರ ರಾತ್ರಿಯೇ ಕುಡಿಯಬೇಕಾಯಿತು. ಟಿಬಾಲ್ಟ್‌ನನ್ನು ಕೊಂದು ಗಡೀಪಾರಾಗಿ ಮ್ಯಾಂಟುವಾ ಊರಲ್ಲಿದ್ದ ರೋಮಿಯೋಗೆ ಈ ಉಪಾಯ ತಿಳಿಸುವ ಕಾಗದ ಮುಟ್ಟಲು ಇದ್ದ ಒಂದು ದಿನವೂ ಹೋಯಿತು. ಆ ದಿನವನ್ನು ಕಸಿದವನು ಅಪ್ಪ.

ಪುಣೆ ಮೇಷ್ಟ್ರು: ಪಾದ್ರಿ ಲಾರೆನ್ಸ್‌ನನ್ನೂ ಸೇರಿಸಿಕೊಳ್ಳಿ. ನಿಧಾನ, ಓಡುವವರು ಎಡವುತ್ತಾರೆ ಅಂತ ಬುದ್ಧಿ ಹೇಳುವವನೂ ಅವನೇ, ಅದೇ ದಿನ ಗುಟ್ಟಾಗಿ ಮದುವೆ ಮಾಡಿಸುವವನೂ ಅವನೇ. ಎರಡು ಮನೆಗಳ ಜಗಳ ನಿಲ್ಲಲಿ ಅನ್ನುವ ಒಳ್ಳೆಯ ಮನಸ್ಸು ಇತ್ತು, ನಿಜ. ಆದರೆ 42 ಗಂಟೆ ಸತ್ತಂತೆ ಮಲಗಿಸುವ ಔಷಧಿ ಕೊಟ್ಟು, ಎಲ್ಲವನ್ನೂ ಒಂದೇ ಕಾಗದದ ಮೇಲೆ ಬಿಡುವುದಾ?

ಠಾಣೆ ಹುಡುಗ: ಮೇಷ್ಟ್ರೇ, ಅದು ಗ್ರಹಚಾರ. ಕಾಗದ ಒಯ್ಯುತ್ತಿದ್ದ ಇನ್ನೊಬ್ಬ ಪಾದ್ರಿ ಪ್ಲೇಗ್ ಬಂದ ಮನೆಯಲ್ಲಿದ್ದ ಅನ್ನುವ ಅನುಮಾನಕ್ಕೆ ಒಳಗೆ ಕೂಡಿ ಹಾಕಿದರು. 2020ರಲ್ಲಿ ನಮ್ಮ ಬಿಲ್ಡಿಂಗ್ ಸೀಲ್ ಆದಾಗ ನಾವೂ ಗೇಟ್ ದಾಟೋಕೆ ಆಗಿರಲಿಲ್ಲ. ಅವನಾದರೂ ಏನು ಮಾಡಬೇಕಿತ್ತು?

ಮಾಟುಂಗಾ ಓದುಗ: ಕಾಗದ ಬರಲಿಲ್ಲ, ಸರಿ. ಜೂಲಿಯೆಟ್ ಸತ್ತಳು ಅನ್ನುವ ಸುದ್ದಿ ತಂದ ಆಳನ್ನು ರೋಮಿಯೋ ಪಾದ್ರಿಯ ಕಾಗದ ಇಲ್ಲವಾ ಅಂತ ಕೇಳುತ್ತಾನೆ. ಇಲ್ಲ ಅಂದ ಮೇಲಾದರೂ ಪಾದ್ರಿಯನ್ನು ಒಮ್ಮೆ ನೋಡೋಣ ಅನ್ನಿಸಬೇಡವಾ? ನೇರ ಹೋಗಿ 40 ಡ್ಯುಕಟ್ ಚಿನ್ನದ ನಾಣ್ಯ ಕೊಟ್ಟು ವಿಷ ಕೊಳ್ಳುತ್ತಾನೆ. ಸಮಾಧಿಯಲ್ಲಿ ಅವಳ ತುಟಿ, ಕೆನ್ನೆ ಇನ್ನೂ ಕೆಂಪಗಿವೆ. ಅದನ್ನು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಹೇಳಿಯೂ ಕುಡಿಯುತ್ತಾನೆ! ಅಲ್ಲಿ ನನಗೆ ಓದು ಮುಂದೆ ಹೋಗಲಿಲ್ಲ.

ಪುಣೆ ಮೇಷ್ಟ್ರು: ಈ ಅವಸರ ಶೇಕ್ಸ್‌ಪಿಯರ್ ಬೇಕಂತಲೇ ತಂದದ್ದು. ಅವನು ಕಥೆ ಎತ್ತಿಕೊಂಡಿದ್ದು ಆರ್ಥರ್ ಬ್ರೂಕ್‌ನ 1562ರ ಕಾವ್ಯದಿಂದ. ಅಲ್ಲಿ ಇದೆಲ್ಲ ನಡೆಯುವುದು ತಿಂಗಳುಗಟ್ಟಲೆ. ಇವನು ಐದು ದಿನಕ್ಕೆ ಇಳಿಸಿದ. ಹಾಗಾಗಿ ಯಾರಿಗೂ ಉಸಿರಾಡುವಷ್ಟು ಪುರುಸೊತ್ತಿಲ್ಲ, ಹಿರಿಯರಿಗೂ ಕೂಡ.

ಡೊಂಬಿವಲಿ ಅಕ್ಕ: ಹೌದು ಮೇಷ್ಟ್ರೇ, ಆದರೆ ಹುಡುಗರ ಆತುರಕ್ಕೆ ಅವರ ಪ್ರಾಣವೇ ಹೋಯಿತು. ಜೂಲಿಯೆಟ್ ಎಚ್ಚರಾದಾಗ ಪಾದ್ರಿ ಪಕ್ಕದಲ್ಲೇ ಇದ್ದ. ಹೊರಗೆ ಕಾವಲಿನವರ ಸದ್ದು ಕೇಳಿದ್ದೇ ತಡ, ಅವಳನ್ನು ಹೆಣದ ಹತ್ತಿರ ಬಿಟ್ಟು ಓಡಿದ. ಒಂದು ಗಳಿಗೆ ನಿಂತಿದ್ದರೆ ಹುಡುಗಿ ಕೈಯಲ್ಲಿದ್ದ ಕಠಾರಿಯನ್ನಾದರೂ ಕಿತ್ತುಕೊಳ್ಳಬಹುದಿತ್ತು. ಅವನನ್ನು ನಾನು ಕ್ಷಮಿಸಲಾರೆ.