ಎಲ್‌ಸಿ3 ಏರುತ್ತಿದೆ, ಮೈಟೋಕಾಂಡ್ರಿಯಾ ಮಾತ್ರ ಕಡಿಮೆಯಾಗುತ್ತಿಲ್ಲ: ತೊಡಕು ಎಲ್ಲಿದೆ?

ಪ್ರಶ್ನೆ:
ಆನುವಂಶಿಕ ಪಾರ್ಕಿನ್ಸನ್ ಕಾಯಿಲೆಯ ಅಧ್ಯಯನಕ್ಕಾಗಿ, ಹಾಳಾದ ಮೈಟೋಕಾಂಡ್ರಿಯಾಗಳನ್ನು ಕೋಶವು ತಾನೇ ಜೀರ್ಣಿಸಿಕೊಳ್ಳುವ ಆಟೋಫ್ಯಾಜಿಯನ್ನು ಹೀಲಾ ಕೋಶಗಳಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ನೋಡಲು ಯತ್ನಿಸುತ್ತಿದ್ದೇನೆ. ಮೈಟೋಕಾಂಡ್ರಿಯಾದ ಪೊರೆಯ ವಿಭವವನ್ನು ಕುಸಿಸುವ ಸಿಸಿಸಿಪಿಯನ್ನು 10 ಮೈಕ್ರೋಮೋಲಾರ್‌ನಷ್ಟು ಕೊಟ್ಟಾಗ, ಪ್ರೋಟೀನ್ ಪತ್ತೆಹಚ್ಚುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಪಿಂಕ್1 ಎಂಬ ಕಿಣ್ವ ಸ್ಪಷ್ಟವಾಗಿ ಕಾಣುತ್ತದೆ, ಆಟೋಫ್ಯಾಜಿ ಚೀಲದ ಪೊರೆಗೆ ಅಂಟುವ ಎಲ್‌ಸಿ3-2 ಪ್ರೋಟೀನಿನ ಬ್ಯಾಂಡ್ ಕೂಡ ಗಾಢವಾಗುತ್ತದೆ. ಆದರೆ 24 ಗಂಟೆಗಳ ನಂತರವೂ ಮೈಟೋಕಾಂಡ್ರಿಯಾಗಳು ಹಾಗೆಯೇ ಉಳಿದಿವೆ. ಮೂರು ಬಾರಿಯೂ ಇದೇ ಫಲಿತಾಂಶ.

ಉತ್ತರ:
ನಿಮ್ಮ ಪಿಂಕ್1 ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು, ಇಲ್ಲದಿರುವುದು ಪಾರ್ಕಿನ್, ಅಂದರೆ ಇತರ ಪ್ರೋಟೀನ್‌ಗಳಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು-ಪ್ರೋಟೀನ್ ಜೋಡಿಸುವ ಕಿಣ್ವ. ಹೀಲಾ ಕೋಶಗಳಲ್ಲಿ ಸ್ವಂತ ಪಾರ್ಕಿನ್ ಪತ್ತೆಯಾಗುವಷ್ಟೂ ಇರುವುದಿಲ್ಲ. ಆರೋಗ್ಯವಂತ ಮೈಟೋಕಾಂಡ್ರಿಯಾದ ಒಳಗೆ ಸೆಳೆಯಲ್ಪಟ್ಟ ಪಿಂಕ್1 ಅನ್ನು ಪಾರ್ಲ್ ಎಂಬ ಕಿಣ್ವ ಕತ್ತರಿಸುವುದರಿಂದ ಅದು ಬೇಗನೆ ನಾಶವಾಗುತ್ತದೆ; ಪೊರೆಯ ವಿಭವ ಕುಸಿದಾಗ ಅದು ಹೊರಪೊರೆಯಲ್ಲಿ ಪ್ರೋಟೀನ್‌ಗಳನ್ನು ಒಳಬಿಡುವ ಟಾಮ್ ಸಂಕೀರ್ಣದ ಬಳಿ ಉಳಿದು, ಯುಬಿಕ್ವಿಟಿನ್‌ನ 65ನೇ ಸೆರಿನ್‌ಗೆ ಫಾಸ್ಫೇಟ್ ಸೇರಿಸುತ್ತದೆ. ತನ್ನೊಳಗೇ ಮಡಚಿಕೊಂಡು ನಿಷ್ಕ್ರಿಯವಾಗಿರುವ ಪಾರ್ಕಿನ್ ಈ ಯುಬಿಕ್ವಿಟಿನ್‌ಗೆ ಅಂಟಿಕೊಂಡು, ತಾನೂ ಪಿಂಕ್1ನಿಂದ ಫಾಸ್ಫೇಟ್ ಪಡೆದು ಬಿಚ್ಚಿಕೊಳ್ಳುತ್ತದೆ. ಅದು ಹೊರಪೊರೆಗೆ ಪೋಣಿಸುವ ಹೊಸ ಯುಬಿಕ್ವಿಟಿನ್‌ಗಳೂ ಪಿಂಕ್1ಗೆ ಒಡ್ಡಿಕೊಳ್ಳುವುದರಿಂದ ಸಂಕೇತ ವರ್ಧಿಸುತ್ತಾ ಹೋಗುತ್ತದೆ. ಬಳಿಕ ಆಪ್ಟಿನ್ಯೂರಿನ್ ಮತ್ತು ಎನ್‌ಡಿಪಿ52 ಎಂಬ ಕೊಂಡಿ ಪ್ರೋಟೀನ್‌ಗಳು ಒಂದು ತುದಿಯಲ್ಲಿ ಯುಬಿಕ್ವಿಟಿನ್‌ಅನ್ನೂ ಇನ್ನೊಂದರಲ್ಲಿ ಎಲ್‌ಸಿ3ಯನ್ನೂ ಹಿಡಿಯುತ್ತವೆ. ಪಾರ್ಕಿನ್ ಇಲ್ಲದಿದ್ದರೆ ಈ ವರ್ಧನೆಯೇ ನಡೆಯುವುದಿಲ್ಲ. ಪಾರ್ಕಿನ್ ಸ್ಥಿರವಾಗಿ ತಯಾರಾಗುವ ಹೀಲಾ ಕೋಶಗಳನ್ನು ಬಳಸಿ. ಹೋಲಿಕೆಗೆ 431ನೇ ಸಿಸ್ಟೀನ್ ಸೆರಿನ್ ಆಗಿರುವ ನಿಷ್ಕ್ರಿಯ ಪಾರ್ಕಿನ್ ಅನ್ನೂ ಇರಿಸಿಕೊಳ್ಳಿ.

ಎಲ್‌ಸಿ3-2 ಏರಿತೆಂಬುದನ್ನು ದಯವಿಟ್ಟು ಒಂಟಿಯಾಗಿ ನಂಬಬೇಡಿ. ಸಿಸಿಸಿಪಿ ಪ್ರೋಟಾನ್‌ಗಳನ್ನು ಪೊರೆ ದಾಟಿಸುವ ರಾಸಾಯನಿಕವಾದ್ದರಿಂದ ಕೋಶದೊಳಗೆ ಜೀರ್ಣಕ್ರಿಯೆ ನಡೆಸುವ ಲೈಸೋಸೋಮ್‌ನ ಆಮ್ಲೀಯತೆಯನ್ನೂ ಕೆಡಿಸಬಲ್ಲದು; ಆಗ ಎಲ್‌ಸಿ3-2 ಜೀರ್ಣವಾಗದೆ ಶೇಖರವಾಗುತ್ತದೆ. ಲೈಸೋಸೋಮ್‌ನ ಆಮ್ಲೀಕರಣವನ್ನು ತಡೆಯುವ ಬ್ಯಾಫಿಲೋಮೈಸಿನ್ ಸೇರಿಸಿದ ಮೇಲೂ ಬ್ಯಾಂಡ್ ಇನ್ನಷ್ಟು ಏರದಿದ್ದರೆ ತಡೆ ಆಗಲೇ ಉಂಟಾಗಿದೆಯೆಂದು ಶಂಕಿಸಿ. ನಾನಾದರೆ ಸಿಸಿಸಿಪಿ ಬದಲು, ಮೈಟೋಕಾಂಡ್ರಿಯಾದ ಶಕ್ತಿ ಉತ್ಪಾದನೆಯನ್ನು ತಡೆಯುವ ಆಲಿಗೋಮೈಸಿನ್ ಮತ್ತು ಆಂಟಿಮೈಸಿನ್ ಜೋಡಿಯನ್ನೇ ಆರಿಸುತ್ತೇನೆ.

ಮರುಪ್ರಶ್ನೆ:
ಪಾರ್ಕಿನ್ ಇರುವ ಕೋಶಗಳಲ್ಲಿ ಮೈಟೋಕಾಂಡ್ರಿಯಾದ ಹೊರಪೊರೆಯ ಪ್ರೋಟೀನ್ ಆದ ಮೈಟೋಫ್ಯೂಸಿನ್ 2 ನಾಲ್ಕೇ ಗಂಟೆಗಳಲ್ಲಿ ಮಾಯವಾಯಿತು. ಆಟೋಫ್ಯಾಜಿ ನಡೆಯಿತೆಂದು ಬರೆಯಬಹುದೇ?

ಉತ್ತರ:
ಇನ್ನೂ ಬರೆಯಬೇಡಿ. ಪಾರ್ಕಿನ್ ಗುರುತು ಹಾಕಿದ ಮೈಟೋಫ್ಯೂಸಿನ್‌ಗಳನ್ನು ಪ್ರೋಟಿಯಾಸೋಮ್ ಎಂಬ ಪ್ರೋಟೀನ್ ಒಡೆಯುವ ಯಂತ್ರ ನೇರವಾಗಿ ಒಡೆಯುತ್ತದೆ, ಅದಕ್ಕೆ ಲೈಸೋಸೋಮ್ ಬೇಕಿಲ್ಲ. ಪೈರುವೇಟ್ ಡಿಹೈಡ್ರೋಜಿನೇಸ್‌ನಂತಹ ಮೈಟೋಕಾಂಡ್ರಿಯಾದ ಒಳಭಾಗದ (ಮ್ಯಾಟ್ರಿಕ್ಸ್) ಪ್ರೋಟೀನ್ ಅಥವಾ ಮೈಟೋಕಾಂಡ್ರಿಯಾದ ಡಿಎನ್‌ಎ ಕಡಿಮೆಯಾಗುತ್ತದೆಯೇ, ಆ ಇಳಿಕೆಯನ್ನು ಬ್ಯಾಫಿಲೋಮೈಸಿನ್ ತಡೆಯುತ್ತದೆಯೇ ಎಂಬುದನ್ನು ನೋಡಿ. ದೀರ್ಘ ಅವಧಿಯ ಪ್ರಯೋಗದಲ್ಲಿ ಕೋಶಗಳು ಸಾಯತೊಡಗುವುದರಿಂದ ಕೋಶದ ಸಾವನ್ನು ನಡೆಸುವ ಕ್ಯಾಸ್ಪೇಸ್ ಕಿಣ್ವಗಳ ಪ್ರತಿಬಂಧಕವನ್ನು ಮೊದಲೇ ಸೇರಿಸಿರಿ.